ಮಾವನ ಗಳ

ಬಿದಿರು ಆರಿಸುವಾಗ ನಮ್ಮ ಮಾವ ಗುತ್ಯಪ್ಪ
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ,
ಹಲಸು ಹಣ್ಣಾಯಿತೇ ಎಂದು ಕೇಳುವ ಹಾಗೆ.
ಎಳೆಯದು ಬಾಗುತ್ತದೆ.
ಹೂ ಬಿಟ್ಟ ಮೆಳೆಯದ್ದು ಬೇಡವೇ ಬೇಡ.
ಗೆಣ್ಣುಗೆಣ್ಣಿಗೆ ಕವಲನ್ನು ಗೇಣುದ್ದ ಉಳಿಸಿ ಸವರಿದರೆ
ಒಂಟಿಕಾಲಿನ ಏಣಿ.

ಮರಸು ಕೂರುವವನಿಗೆ ಹುಲಿಗಿಂತ
ಕಿರುಗುಟ್ಟುವ ಮೆಟ್ಟಿಲೇ ಕೇಡು, ಅನ್ನುತ್ತಿದ್ದ.
ಸೊರಬದ ಸೈಕಲ್ ಶಾಪಿನಿಂದ ಹರಿದ ಟ್ಯೂಬು ತಂದು
ಒಂದೊಂದು ಕವಲಿಗೂ ಸುತ್ತಿದ,
ಗಾಯಕ್ಕೆ ಬಟ್ಟೆ ಕಟ್ಟಿದಂತೆ.
ಮರಕ್ಕೆ ಒರಗುವಲ್ಲಿ ಗೋಣಿತಟ್ಟು.

ಎಲೆಕ್ಷನ್ನಿಗೆಂದು ಠಾಣೆಗೆ ಕೊಟ್ಟ ಕೋವಿ
ಅವನು ಹೋದಮೇಲೆ ಯಾರೂ ಬಿಡಿಸಿಕೊಳ್ಳಲಿಲ್ಲ.
ಗಳ ನನ್ನ ಪಾಲಿಗೆ ಬಂತು.

ಅವನದು ಉದ್ದ ಕಾಲು.
ಮೂರನೆಯದರಿಂದ ನಾಲ್ಕನೆಯದಕ್ಕೆ
ಸೀರೆ ಎತ್ತಿ ಸಿಕ್ಕಿಸಿದರೂ ನನಗೆ ಎಟುಕದು.
ನಡುವೆ ತೂತು ಕೊರೆದು
ಮತ್ತಿಮರದ ಗೂಟ ಬಡಿದೆ.
ಟ್ಯೂಬು ಮುಗಿದಿತ್ತು.

ಭತ್ತ ಹಾಲುಗಟ್ಟಿದೆ. ಹಂದಿ ಇಳಿಯುವ ಹೊತ್ತಿಗೆ
ಎಣ್ಣೆಡಬ್ಬ ಬೆನ್ನಿಗೆ ಕಟ್ಟಿ ಹತ್ತುತ್ತೇನೆ.
ಮೂರರವರೆಗೆ ಮಾವನ ಮೌನ,
ಆಮೇಲೆ ನನ್ನ ಗೂಟ
ಕಿರ್ ಅನ್ನುತ್ತದೆ.

ಗದ್ದೆಯಂಚಿನ ಪೊದೆಯಲ್ಲಿ ಏನೋ ತಟ್ಟನೆ ನಿಲ್ಲುತ್ತದೆ.
ನಿಲ್ಲಲಿ.
ಅಡಗಿ ಕೂರಲು ಬಂದವಳಲ್ಲ ನಾನು.