ಮಡಿಚಿದವರ ಸಹಿ

ಬಟ್ಟೆಯಿಂದ ತಪ್ಪಿಸಿಕೊಳ್ಳಲೆಂದೇ ದೊಡ್ಡಪ್ಪ
ಅರಸೀಕೆರೆಯಲ್ಲಿ ರೈಲು ಹತ್ತಿದ್ದು.
ಕೆರೆ ಬಿಟ್ಟರೆ ಬೇರೆ ನೀರು ಕಾಣದವನು
ನೌಕಾಪಡೆಗೆ ಸೇರಿದ. ಅಲ್ಲಿ ಜಾತಿ ಯಾರೂ ಕೇಳಲಿಲ್ಲ,
ಬೆರಳು ನೋಡಿರಬೇಕು:
ಕೈಗೆ ಬಟ್ಟೆಯನ್ನೇ ಕೊಟ್ಟರು.

ಪ್ಯಾರಾಚೂಟು. ಉದ್ದ ಮೇಜು. ಎಳೆ ಎಳೆಗೂ ಲೆಕ್ಕ.
ಮುಗಿದ ಮೇಲೆ ಕಾರ್ಡಿನಲ್ಲಿ ಮಡಿಚಿದವನ ಸಹಿ.
ನಮ್ಮಲ್ಲಿ ಗೇರುಕಾಯಿಯ ಚುಕ್ಕಿ ಯಾರ ಬಟ್ಟೆ ಅಂತ ಹೇಳುತ್ತೆ,
ಯಾರು ಒಗೆದರು ಅಂತ ಹೇಳಲ್ಲ.
ಮಾಚಯ್ಯ ಅಂತ ಮೊದಲ ಸಲ ಬರೆದ ರಾತ್ರಿ
ನಿದ್ದೆ ಬರಲಿಲ್ಲವಂತೆ.

ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬುತ್ತಾ
ಅವನು ನನಗೆ ಹೇಳಿದ ಚರಿತ್ರೆ ಇಷ್ಟು:
ಮೊದಲು ಕೊಚ್ಚಿಯಲ್ಲಿ ಬೆರಳೆಣಿಕೆಯ ವಿಮಾನ.
ಬಾಲಕ್ಕೆ ಬಟ್ಟೆಯ ಚೀಲ ಕಟ್ಟಿಕೊಂಡು ಹಾರಬೇಕು,
ಕೆಳಗಿನ ಹಡಗುಗಳು ಅದಕ್ಕೆ ಗುರಿಯಿಟ್ಟು ಕಲಿಯಬೇಕು.
(ಅಲ್ಲೂ ಬಟ್ಟೆ ನೋಡು!)
ಆಮೇಲೆ ವಿಕ್ರಾಂತ್. ಅದರ ಬೆನ್ನ ಮೇಲೆ ಸೀಹಾಕು,
ನೀರಡಿಯ ಕಳ್ಳರನ್ನು ಮೂಸುವ ಅಲಿಜೆ.

ಅಜ್ಜ ಉಬ್ಬೆಗಿಟ್ಟ ಆವಿ ಊರಿನ ಕೊಳೆ ಬಿಡಿಸಿತು,
ಹಡಗಿನ ಆವಿ ವಿಮಾನವನ್ನೇ ಎಸೆಯಿತು,
ಎರಡು ಉಸಿರಿನೊಳಗೆ ಅಂಚು, ಆಚೆ ಬರೀ ಗಾಳಿ.
ಎಪ್ಪತ್ತೊಂದರಲ್ಲಿ ಒಂದು ಬಾಯ್ಲರು ಬಿರುಕು ಬಿಟ್ಟಿತ್ತು,
ಆ ಒಡಕು ಹಂಡೆ ಇಟ್ಟುಕೊಂಡೇ ಬಂಗಾಳ ಕೊಲ್ಲಿಗೆ ಹೋದರು.
ಇದನ್ನು ಹೇಳುವಾಗ ಮಾತ್ರ ಒಲೆ ಕಡೆ ನೋಡಿ ನಗುತ್ತಾನೆ.
ಅಜ್ಜನ ಹಂಡೆಯೂ ಹಂಗೇ ನಡೆದಿತ್ತು, ಬೂದಿ ಮೆತ್ತಿಕೊಂಡು.

ಇಳಿಯೋದು ಹೆಂಗೆ?
ಬಟ್ಟೆ ಒಣಗುವ ತಂತಿ ತೋರಿಸಿದ.
ಹಡಗಿಗೆ ಅಡ್ಡಲಾಗಿ ಇಂಥದ್ದು. ವಿಮಾನಕ್ಕೆ ಒಂದು ಕೊಕ್ಕೆ.
ಸಿಕ್ಕರೆ ನಿಂತಿತು. ತಪ್ಪಿದರೆ ಏರು, ಮತ್ತೆ ಸುತ್ತು.
ಬಿದ್ದವರನ್ನು ಎತ್ತೋಕೆ ಪಕ್ಕದಲ್ಲೇ ಹೆಲಿಕಾಪ್ಟರು ತೂಗಾಡುತ್ತಿರುತ್ತೆ,
ಅದಕ್ಕೆ ಕೆಲಸ ಸಿಗದ ದಿನ ಒಳ್ಳೆ ದಿನ.

ಒಂದು ಸಲ ಒಂದು ಮರಳಿ ಬಂತು.
ಉಪ್ಪುನೀರಲ್ಲಿ ನೆಂದು, ಮೂಟೆಯಾಗಿ. ಅದರಲ್ಲಿ ಇಳಿದವನು
ಆಸ್ಪತ್ರೆಯಲ್ಲಿ ಚಾ ಕುಡಿಯುತ್ತಿದ್ದ, ಕಾಲು ಮುರಿದಿತ್ತು, ಅಷ್ಟೇ.
ಉಪ್ಪು ಕೂತರೆ ನೈಲಾನು ಹಾಳು.
"ಯಾರು ತೊಳೀತೀರಿ?" ಅಂದರು.
ದೊಡ್ಡಪ್ಪ ಪ್ಯಾಂಟು ಮೇಲಕ್ಕೆ ಮಡಿಚಿಕೊಂಡ,
ಕೂಸಿಗೆ ಎರೆದಂಗೆ ಎರೆದ.

ಇನ್ನೊಂದು ಬರಲಿಲ್ಲ.
ಅಂಚು ದಾಟಿದ ವಿಮಾನ ಎತ್ತರ ಸಾಲದೆ ನೇರ ನೀರಿಗೆ.
ಮಡಿಚಿದವರು ಯಾರು? ಕಾರ್ಡು ತೆಗೆದರು. ಅವನದೇ ದುಂಡು ಅಕ್ಷರ.
ಕೋಣೆಗೆ ಬೀಗ. ಹನ್ನೊಂದು ದಿನ ವಿಚಾರಣೆ.
ನೋಡಿದವರು ಹೇಳಿದರು, ಸೀಟು ಚಿಮ್ಮಲೇ ಇಲ್ಲ,
ನಿನ್ನ ತಪ್ಪಲ್ಲ ಮಾಚಯ್ಯ, ಹೋಗು.
"ನನ್ನ ಮಡಿಕೆ ಅಲ್ಲೇ ಇದೆ," ಅಂತಾನೆ, "ತಳದಲ್ಲಿ,
ಒಂದು ಎಳೆಯೂ ಕೆಡದೆ."

ಹಡಗನ್ನು ಮುಂಬಯಿಯಲ್ಲಿ ಒಡೆದ ಸುದ್ದಿ ಪೇಪರಿನಲ್ಲಿ ಬಂತು.
ಎರಡು ಸಲ ಓದಿ, ಅದೇ ಹಾಳೆಯಲ್ಲಿ
ಪೋಸ್ಟ್‌ಮಾಸ್ಟರರ ಶರಟು ಕಟ್ಟಿಟ್ಟ.

ಈಗ ಅಂಗಡಿ ನನ್ನದು, ಎಣಿಕೆ ಇನ್ನೂ ಅವನದು.
ಪ್ಯಾರಾಚೂಟಿನೊಳಗೆ ಸೂಜಿ ಉಳಿದರೆ ಒಂದು ಜೀವ,
ಅದಕ್ಕೇ ಮಡಿಚಿದ ಮೇಲೆ ಸಾಮಾನೆಲ್ಲ ಎಣಿಸಬೇಕು.
ನೆರಿಗೆ ಹಿಡಿಯುವ ನನ್ನ ಗುಂಡುಪಿನ್ನು ಇಪ್ಪತ್ತನಾಲ್ಕು.
ನಿನ್ನೆ ರಾತ್ರಿ ಇಪ್ಪತ್ತಮೂರು.
ಬೆಳಗ್ಗೆ ಮದುವೆಮನೆಗೆ ಹೋಗಬೇಕಾದ ಮೂವತ್ತೊಂದು ಸೀರೆ
ಗಂಟು ಕಟ್ಟಿಯಾಗಿತ್ತು.
ಕಣ್ಣು ಮಂಜಾದವನು ಕುರ್ಚಿಯಿಂದಲೇ
"ಬಿಚ್ಚು" ಅಂದ.
"ಸೀರೆ ದೊಡ್ಡಪ್ಪ. ಬರೀ ಸೀರೆ."
"ಉಡೋರು ಇದ್ದಾರಲ್ಲ."

ಹುಬ್ಬಳ್ಳಿ ರೈಲು ಬಂತು, ಹೋಯಿತು.
ನಾನು ಹನ್ನೆರಡನೆಯದು ಬಿಚ್ಚುತ್ತಿದ್ದೆ.