ಹೊತ್ತು ಹುಟ್ಟಿ ಒಂದು ಗಂಟೆ

ಬೆಳಗ್ಗೆ ಏಳಕ್ಕೆ ಅಲ್ಲಿ ಒಂದು ಗಂಟೆ.
ಗಡಿಯಾರ ಕೆಟ್ಟಿದೆ ಅಂದುಕೊಂಡೆ ಮೊದಲ ದಿನ.
ಗೇಟಿನ ಕಾವಲುಗಾರ ನಕ್ಕು
ಬೆರಳಲ್ಲಿ ಸೂರ್ಯನನ್ನು ತೋರಿಸಿದ:
ಹುಟ್ಟಿ ಒಂದು ಗಂಟೆ ಆಯಿತಲ್ಲ, ಅದಕ್ಕೇ.

ನಮ್ಮಜ್ಜಿಯೂ ಹಾಗೇ ಎಣಿಸುತ್ತಿದ್ದಳು,
ಹೊತ್ತು ಹುಟ್ಟಿ ಎಷ್ಟು ಗಳಿಗೆ, ಎಷ್ಟು ಮಾರು ಏರಿದೆ ಅಂತ.
ಅವಳನ್ನು ದಡ್ಡಿ ಅಂದಿದ್ದೆ.
ಸಮುದ್ರ ದಾಟಿ ಹೋಗಿ
ಅವಳ ಲೆಕ್ಕ ಕಲಿತು ಬಂದೆ.

ಪೀಣ್ಯದ ಫ್ಯಾಕ್ಟರಿ ನನ್ನನ್ನು ಒಂಬತ್ತು ತಿಂಗಳಿಗೆ ಕಳಿಸಿದ್ದು
ಇಥಿಯೋಪಿಯಾದ ಹವಾಸ ಅನ್ನುವ ಊರಿಗೆ,
ಅಲ್ಲಿನ ಹುಡುಗಿಯರಿಗೆ ಕಾಲರು ಹೊಲಿಯೋದು ಕಲಿಸಲು.
ಕಾಲರು ಒಂದು ವಾರದಲ್ಲಿ ಬಂತು.
ಉಳಿದ ಎಂಟೂ ಮುಕ್ಕಾಲು ತಿಂಗಳು ಕಲಿಸಿದ್ದು ಅವಸರ.
ಕೊರಳಲ್ಲಿ ಸ್ಟಾಪ್‌ವಾಚು, ಬಾಯಲ್ಲಿ ಬೇಗ, ಬೇಗ.
ಆ ಒಂದು ಕನ್ನಡ ಪದ ಇಡೀ ಮೂರನೇ ಲೈನಿಗೆ ಗೊತ್ತು.
ಅಮ್ಮ ಅನ್ನುವುದನ್ನೂ ಎಲ್ಲಿಂದಲೋ ಹೆಕ್ಕಿ ಸೇರಿಸಿ
ನನಗೆ ಹೆಸರಿಟ್ಟರು: ಬೇಗಮ್ಮ.

ಒಬ್ಬಳು ಝೆನೆಬೆಚ್.
ಅಂದರೇನು ಅಂತ ಕೇಳಿದರೆ ಕಿಟಕಿಯಾಚೆ ಕೈ ತೋರಿಸಿದಳು.
ಮಳೆ. ಬರೀ ಮಳೆ ಅಲ್ಲ,
ಮಳೆಯಾಗಿ ಸುರಿದಳು, ಅಂತ.
ಹೆಸರಲ್ಲೇ ಅಷ್ಟು ರಭಸ ಇಟ್ಟುಕೊಂಡವಳು
ಗಂಟೆಗೆ ನಲವತ್ತು ಪೀಸು ದಾಟಲಿಲ್ಲ.

ಊಟಕ್ಕೆ ಒಂದೇ ತಟ್ಟೆ, ಐದು ಕೈ.
ಹುಳಿ ಬಂದ ದೋಸೆಯಂಥದ್ದು, ಮೊರದಷ್ಟು ಅಗಲ,
ಮೇಲೆ ಕಡಲೆಹಿಟ್ಟಿನ ಕೆಂಪು ಗೊಜ್ಜು.
ನಾನು ನನ್ನ ಡಬ್ಬಿಗೆ ಬೇರೆ ಹಾಕಿಸಿಕೊಂಡು
ಗೋಡೆ ಕಡೆ ತಿರುಗಿ ಉಂಡೆ, ಇಪ್ಪತ್ತು ದಿನ.
ಎಂಜಲು ಅನ್ನಲು ನಿಮ್ಮಲ್ಲಿ ಏನು ಪದ?
ಎಷ್ಟು ಅಭಿನಯಿಸಿದರೂ ಅವರಿಗೆ ಅರ್ಥವಾಗಲಿಲ್ಲ,
ಅಥವಾ ಅರ್ಥವಾಗಿ ಸುಮ್ಮನಾದರು.
ಇಪ್ಪತ್ತೊಂದನೇ ದಿನ ಝೆನೆಬೆಚ್ ತುತ್ತು ಸುತ್ತಿ
ನೇರ ನನ್ನ ಬಾಯಿಗಿಟ್ಟಳು.
ಬೆರಳ ತುದಿಯಲ್ಲಿ ಮೆಷಿನ್ ಎಣ್ಣೆ ವಾಸನೆ.
ಅಮ್ಮ ಸತ್ತಮೇಲೆ ಯಾರೂ ಹಾಗೆ ಇಟ್ಟಿರಲಿಲ್ಲ.

ಅವಳ ಸಂಬಳ ಹೇಳಲಾರೆ.
ನನ್ನ ಒಂದು ದಿನದ ಭತ್ಯೆ ಅವಳ ಎಷ್ಟು ದಿನ ಅಂತ
ಲೆಕ್ಕ ಹಾಕಿದ ರಾತ್ರಿಯೂ ನಿದ್ದೆ ಬಂತು, ಅದೇ ಬೇಜಾರು.
ಮೀನು ಮಾರುವ ಸರೋವರದ ದಂಡೆಯಲ್ಲಿ
ಎದೆಮಟ್ಟದ ಬೋಳುತಲೆ ಕೊಕ್ಕರೆಗಳು
ಕೈ ಹಿಂದೆ ಕಟ್ಟಿದ ಮೇಸ್ತ್ರಿಗಳ ಹಾಗೆ ನಿಂತಿರುತ್ತವೆ.
ಲೈನಿನಲ್ಲಿ ನಾನೂ ಹಾಗೇ ಕಾಣುತ್ತಿದ್ದೆನೇನೋ.
ಜೂನಿನ ಒಂದು ಸೋಮವಾರ ಅವಳು ಬರಲಿಲ್ಲ.
ಮಂಗಳವಾರವೂ.
ಬುಧವಾರ ಆ ಮೆಷಿನಿಗೆ ಬೇರೆ ಹುಡುಗಿ.
ಕಿಟಕಿಯಾಚೆ ಜಡಿ ಹಿಡಿದಿತ್ತು.

ಈಗ ಪೀಣ್ಯ ಎರಡನೇ ಹಂತ. ಏಳಕ್ಕೆ ಏಳೇ.
ಫಾರಿನ್ನು ಹೆಂಗಿತ್ತಕ್ಕಾ, ಚಿನ್ನ ತಂದ್ಯಾ?
ಚಿನ್ನ ಇಲ್ಲ. ಅರ್ಧ ಕೇಜಿ ಹಸಿ ಕಾಫಿಬೀಜ.
ಲಗ್ಗೆರೆಯ ಮನೆಯಲ್ಲಿ ಬಾಣಲೆಗೆ ಹಾಕಿ ಹುರಿದರೆ
ಮೇಲಿನ ಮನೆ ಪಾರ್ವತವ್ವ
ಏನೋ ಹೊತ್ತಿಕೊಂಡಿದೆ ಅಂತ ನೀರಿನ ಬಕೆಟ್ಟು ಹಿಡಿದು ಓಡಿ ಬಂದಳು.

ಕ್ಯಾಂಟೀನಿನಲ್ಲಿ ಸಾಲಾಗಿ ಡಬ್ಬಿಗಳು.
ಯಾರ ಪಕ್ಕ ಯಾರ ಡಬ್ಬಿ ತೆರೆಯುತ್ತದೆ,
ಯಾರದ್ದು ಮೂಲೆಯಲ್ಲಿ,
ಹದಿನಾರು ವರ್ಷ ಇಲ್ಲೇ ಕೂತು ಉಂಡವಳಿಗೆ
ಈಗ ಕಾಣುತ್ತಿದೆ.
ಗುಂಡಿ ಹಾಕುವ ಮಾರಕ್ಕನ ಕಡೆ ಒಂದು ತುತ್ತು ಚಾಚಿದೆ,
ಮುದ್ದೆ, ದಂಟಿನ ಸಾರು.
ಅವಳು ಹಿಂದೆ ಸರಿದಳು.
ನನ್ನ ಕೈ ನೋಡಿದಳು, ಆಮೇಲೆ ಮುಖ,
ಆಮೇಲೆ ಉಳಿದವರ ಮುಖ.
ತುತ್ತು ಕೈಯಲ್ಲೇ ಆರಿತು.

ಇನ್ನೊಂದು ಹೇಳುವುದಿತ್ತು.
ಅಲ್ಲಿಯವರು ಹೌದು ಅನ್ನುವುದು ಉಸಿರು ಬಿಟ್ಟಲ್ಲ, ಒಳಕ್ಕೆಳೆದು,
ತಟ್ಟನೆ ಏನೋ ನೆನಪಾದವರ ಹಾಗೆ.
ಮೊದಮೊದಲು ಬೆಚ್ಚುತ್ತಿದ್ದೆ: ಸೂಜಿ ಚುಚ್ಚಿತೇ?

ಸಂಜೆ ಬಸ್ಸಿನಲ್ಲಿ ಕಂಡಕ್ಟರು
ಪಿಂಕ್ ಟಿಕೆಟಿನ ಕಟ್ಟು ಬಿಡಿಸುತ್ತಾ, ಲಗ್ಗೆರೆನಾ? ಅಂದ.
ನಾನು ಉಸಿರೆಳೆದೆ.
ಯಾಕಮ್ಮಾ, ಏನಾಯ್ತು?
ಏನಿಲ್ಲಪ್ಪಾ, ಲಗ್ಗೆರೆ.
ಒಂದು.