ಏಳು

ಕೋರ್ನಾಸ್, ನವೆಂಬರ್. ರೋನ್ ಕಣಿವೆಗೆ ಬಡಗಣ ಗಾಳಿ ಹೊಕ್ಕು
ಮೂರು ದಿನ. ಕಲ್ಲಿನ ಪಾಗಾರಗಳ ನಡುವೆ ಬೋಳು ಬಳ್ಳಿ.
ನೆಲಮಾಳಿಗೆಯಲ್ಲಿ ಆರು ಪೀಪಾಯಿ ಹುದುಗಿ ತಣಿದವು.
ಏಳನೆಯದು ನಡುದಾರಿಯಲ್ಲಿ ಕೂತುಬಿಟ್ಟಿತು,
ಹಟಮಾರಿ ಹೇಸರಗತ್ತೆ.

ಗಾಜಿನ ತೇಲುಕಡ್ಡಿ ಇಳಿಬಿಟ್ಟೆ:
ಸಾವಿರದ ಆರು. ಮರುವಾರವೂ ಸಾವಿರದ ಆರು.
ಸಕ್ಕರೆ ಇನ್ನೂ ಇದೆ ಎಂದರ್ಥ.
ತಿನ್ನಬೇಕಾದ ಹುದುಗು ತಟ್ಟೆಯ ಮುಂದೆಯೇ
ತೂಕಡಿಸಿದೆ ಎಂದರ್ಥ.

ವ್ಯಾಪಾರಿ ಗೊಂತಿಯೇ ಬಂದ, ಗುಟುಕು ಮುಕ್ಕಳಿಸಿ ಉಗಿದ.
'ಹೀಗೇ ಕೊಟ್ಟುಬಿಡಿ ಬ್ಲಾಂದೀನ್,
ಚೂರು ಸಿಹಿ ಇದ್ದರೆ ಜನ ಎರಡನೇ ಲೋಟ ಕೇಳುತ್ತಾರೆ.'
ಎರಡನೇ ಲೋಟ!
ಮಳೆ ಕೆಳಗಿಳಿಸಿದ ಮಣ್ಣನ್ನು ವರ್ಷಾ ವರ್ಷಾ ನನ್ನಜ್ಜ
ಬುಟ್ಟಿಯಲ್ಲಿ ಹೊತ್ತು ಮತ್ತೆ ಗುಡ್ಡಕ್ಕೇರಿಸಿದ್ದು
ಲೋಟದ ಲೆಕ್ಕಕ್ಕಲ್ಲ, ಅಂದುಕೊಂಡೆ. ಅನ್ನಲಿಲ್ಲ.
ಬ್ಯಾಂಕಿನ ಕಾಗದ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು.

ಲಹ್ಸೆನ್ ಅಲ್ಲೇ ಇದ್ದ, ಕೊಳವೆ ತೊಳೆಯುತ್ತ.
ಇಪ್ಪತ್ತೆಂಟು ವರ್ಷ ಈ ಮಾಳಿಗೆಯಲ್ಲಿ ದುಡಿದವನು
ಒಂದು ಹನಿ ತುಟಿಗೆ ತಾಗಿಸಿದವನಲ್ಲ.
ಮೊದಮೊದಲು ನಕ್ಕೆವು. ಆಮೇಲೆ
ನಮ್ಮೆಲ್ಲರ ನಾಲಿಗೆಗಿಂತ ಅವನ ಕಿವಿ ನೆಟ್ಟಗಿದೆ
ಎಂದು ತಿಳಿದು ಸುಮ್ಮನಾದೆವು.
ಓಕ್ ಹಲಗೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಅವನೆಂದ:
'ಸತ್ತಿಲ್ಲ, ಮಾದಾಮ್. ಮುನಿಸಿಕೊಂಡಿದೆ.'

ಅಷ್ಟೇ. ಗೊಂತಿಯೇ ಬರಿಗೈಯಲ್ಲಿ ಹೋದ.
ಬಾಗಿಲು ಬಡಿದದ್ದು ಗಾಳಿಯೋ ಅವನೋ.

ಚಳಿಗಾಲವಿಡೀ ಅದಕ್ಕೆ ನನ್ನ ಗಂಡನ ಕಂಬಳಿ ಹೊದಿಸಿದ್ದೆ.
ಗಂಡ ಲಿಯೋನಿನಲ್ಲಿ, ಬೇರೊಬ್ಬಳ ಜೊತೆ;
ಕಂಬಳಿ ಒಯ್ಯಲು ಮರೆತಿದ್ದ.
ಫೆಬ್ರವರಿಯ ಒಂದು ರಾತ್ರಿ, ಎರಡು ಗಂಟೆಗೆ,
ಮೆಟ್ಟಿಲಿಳಿದು ಹೋಗಿ ಬೈದದ್ದೂ ಉಂಟು.
ಹೆಸರು ಹಿಡಿದು ಕೂಗೋಣವೆಂದರೆ
ಅದಕ್ಕಿದ್ದದ್ದು ಸುಣ್ಣದಲ್ಲಿ ಬರೆದ ಅಂಕಿಯೊಂದೇ:
ಏಳು, ಅಂದೆ.
ಏಳು!

ಏಳಲಿಲ್ಲ.

ಏಪ್ರಿಲ್. ಸವರಿದ ಬಳ್ಳಿಯ ತುದಿತುದಿಯಲ್ಲೂ ನೀರೊಸರಿತು.
ಮಾಳಿಗೆಯ ಬಾಯಲ್ಲಿ ನಿಂತು ಲಹ್ಸೆನ್ ಕೈಬೀಸಿ ಕರೆದ,
ಮಾತಿಲ್ಲ. ಕೆನ್ನೆಯಿಟ್ಟು ಕೇಳಿದೆ:
ಬಹುದೂರ, ಒಣ ಎಲೆಗಳ ಮೇಲೆ
ಇರುವೆಯ ದಂಡು ಹೊರಟ ಸದ್ದು.

ಸಾವಿರದ ಎರಡು. ಒಂಬೈನೂರ ತೊಂಬತ್ತೊಂಬತ್ತು.
ಜೂನ್ ಹನ್ನೊಂದಕ್ಕೆ ಒಂಬೈನೂರ ತೊಂಬತ್ತನಾಲ್ಕು,
ನೀರಿಗಿಂತ ಹಗುರ.
ಉಂಡವರು ತಟ್ಟೆ ನೆಕ್ಕಿ ಎದ್ದುಹೋಗಿದ್ದರು.
'ಮುಗೀತು' ಅಂದ ಲಹ್ಸೆನ್,
ನಾನಿನ್ನೂ ಕಡ್ಡಿ ಎತ್ತಿರಲಿಲ್ಲ.

ಅದಾಗಿ ಒಂಬತ್ತು ವರ್ಷ. ಇವತ್ತು ಒಂದು ಬಾಟಲಿ ತೆಗೆದೆ.
ನಾಳೆ ಅವನು ತರೂದಂತ್‌ಗೆ ಹೊರಡುತ್ತಾನೆ:
ಪಿಂಚಣಿ, ಮೊಣಕಾಲು, ಮಗಳ ಮನೆ.
ಅವನ ಮುಂದೆ ಪುದೀನಾ ಚಹಾ, ಮೂರು ಚಮಚ ಸಕ್ಕರೆ.
ನನ್ನ ಮುಂದೆ ಏಳನೆಯದು.
ನೇರಳೆ ಕಂದಿ ಅಂಚಿಗೆ ಇಟ್ಟಿಗೆಯ ಬಣ್ಣ.
ಮೂಗಿಗೆ ಕರಿಮೆಣಸು, ಹೊಗೆ, ಬಿಸಿಲಿಗೆ ಕಾದ ಕಲ್ಲು,
ಹಳೆಯ ಜೀನಿನ ಚರ್ಮ.

'ಹೇಗಿದೆ?' ಅಂದ. ಮೂವತ್ತೇಳು ವರ್ಷದಲ್ಲಿ ಮೊದಲ ಸಲ.
ಗಿರಾಕಿಗಳಿಗೆ ಹೇಳುವ ಮಾತೆಲ್ಲ ತಡಕಾಡಿದೆ,
ಒಂದೂ ಅವನ ಮುಂದೆ ನಿಲ್ಲುವಂಥದಲ್ಲ.
'ಒಗರು' ಅಂದೆ.

ಯೋಚಿಸಿದ.
'ದಾಳಿಂಬೆ ಸಿಪ್ಪೆಯ ಹಾಗಾ?
ಅಮ್ಮ ಉಣ್ಣೆಗೆ ಬಣ್ಣ ಕಟ್ಟಲು ಕುದಿಸುತ್ತಿದ್ದಳು.
ಕದ್ದು ಕಡಿದಿದ್ದೆ ಒಮ್ಮೆ. ಬಾಯೆಲ್ಲ ಬಿಗಿದುಕೊಂಡು
ಸಂಜೆವರೆಗೆ ಮಾತಿಲ್ಲ.
ಆಮೇಲೆ ಕುಡಿದ ನೀರು ಇದೆಯಲ್ಲ,
ಅಂಥ ನೀರು ಮತ್ತೆ ಕುಡಿದಿಲ್ಲ.'

'ಹೌದು. ಅದೇ.'

ಅವನ ಚಹಾ ಆರಿತು.
ರೂಢಿಯ ಕೈ, ಎದ್ದು ನನ್ನ ಲೋಟ ತೊಳೆಯಲು ಚಾಚಿತು.
ಇರಲಿ, ಅಂದೆ.
ಇನ್ನೂ ಇದೆ.